ಬಂದೂಕದ ಪಂಚಾಯ್ತಿ ಮಾಡುತ್ತಿದ್ದ ಕೆಂಚಣ್ಣ

ಕೆಂಚಣ್ಣನ ಅಂಗಿಯ ಮೇಲ್ಜೇಬು ಸದಾ ಉಬ್ಬಿರುತ್ತಿತ್ತು. ಹೊಸಬರು ನೋಟಿನ ಕಂತೆ ಅಂದುಕೊಳ್ಳಬೇಕು, ಹಾಗೆ. ಒಳಗೆ ಇದ್ದದ್ದು ಹಳೆಯ ಬಸ್ ಟಿಕೆಟ್ಟುಗಳು. ತಾವು ಪ್ರಯಾಣ ಮಾಡಿದ್ದು ಸಾಲದು ಅಂತ ಬೇರೆಯವರು ಎಸೆದದ್ದನ್ನೂ ಬಗ್ಗಿ ಹೆಕ್ಕಿ, ಧೂಳು ಊದಿ, ಮಡಿಕೆ ಬೀಳದಂತೆ ಜೇಬಿಗೆ ಇಳಿಸುತ್ತಿದ್ದರು. ಕ್ಯಾತನಹಳ್ಳಿ ರೂಟಿನ ಕಂಡಕ್ಟರುಗಳೆಲ್ಲ ಅವರನ್ನು ‘ಚೆಕಿಂಗ್ ಸಾಹೇಬ್ರು’ ಅಂತಲೇ ಕರೆಯುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆಗಿ ಸೊನ್ನೆ ರೂಪಾಯಿಯ ಟಿಕೆಟ್ಟು ಬಂದ ಮೇಲಂತೂ ಅವರಿಗೆ ಸುಗ್ಗಿ. ನಾನು ಬಸ್ಸಿಳಿದರೆ ನನ್ನ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. “ಟಿಕೀಟು ಬಿಸಾಕ್ಬುಟ್ಟಾ ಮೇಷ್ಟ್ರಮ್ಮ? ತತ್ತಾ ಇಲ್ಲಿ. ನಿಂಗೆ ಸೊನ್ನೆ ಆದ್ರೆ ನಂಗೆ ಲಕ್ಷ ಕಣವ್ವ.”

ಟಿಕೆಟ್ಟು ಬೇಕಾಗಿದ್ದದ್ದು ಬಂದೂಕಕ್ಕೆ. ದೂರದ ಗುರಿಗೆ ಹೊಡೆಯುವ ದೊಡ್ಡ ರೈಫಲ್ಲಿನಲ್ಲಿ ಉಕ್ಕಿನ ನಳಿಗೆ ಮರದ ಮೇಲೆ ಒರಗಿಕೊಂಡಿರುವುದಿಲ್ಲ. ಬುಡದಲ್ಲಿ ಮಾತ್ರ ಬಿಗಿಯಾಗಿ ಕೂತು, ಮುಂದಕ್ಕೆಲ್ಲ ಮರವನ್ನು ಮುಟ್ಟದೆ ಗಾಳಿಯಲ್ಲೇ ನಿಂತಿರುತ್ತದೆ. ಗುಂಡು ಹಾರುವಾಗ ನಳಿಗೆ ಸಣ್ಣಗೆ ಅದುರುತ್ತದಂತೆ. ಆ ಅದುರಿಗೆ ಎಲ್ಲಾದರೂ ಏನಾದರೂ ತಗುಲಿತೋ, ಮುನ್ನೂರು ಮೀಟರಿನಾಚೆ ಗುಂಡು ತನಗೆ ತೋಚಿದ ಕಡೆ ಹೋಗುತ್ತದೆ. ನಳಿಗೆಗೂ ಮರಕ್ಕೂ ನಡುವೆ ಸಂದು ಸರಿಯಾಗಿದೆಯೇ ಅಂತ ನೋಡುವುದಕ್ಕೆ ಕೆಂಚಣ್ಣ ಬಸ್ ಟಿಕೆಟ್ಟನ್ನು ತೂರಿಸಿ ತುದಿಯಿಂದ ಬುಡದವರೆಗೆ ಎಳೆಯುತ್ತಿದ್ದರು. ಇದಕ್ಕೆಂದೇ ಬೇರೆ ಸಾಮಾನು ಸಿಗುವುದಿಲ್ಲವೇ ಅಂತ ಒಮ್ಮೆ ಕೇಳಿದ್ದೆ. “ಸಿಗ್ತದೆ. ಅದು ಟಿಕೀಟಿಗಿಂತ ದಪ್ಪ” ಅಂದರು.

ಅವರು ಸೈನ್ಯದಲ್ಲಿ ಬಂದೂಕ ರಿಪೇರಿಯ ಕೆಲಸದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ತಮ್ಮೂರು ಕ್ಯಾತನಹಳ್ಳಿಗೆ ಬಂದು ಎರಡು ಎಕರೆ ಕಬ್ಬು ಹಾಕಿಕೊಂಡಿದ್ದರು. ಭಾನುವಾರ ಬಂತೆಂದರೆ ಕಬ್ಬನ್ನು ದೇವರಿಗೆ ಬಿಟ್ಟು ನಮ್ಮ ರೈಫಲ್ ಕ್ಲಬ್ಬಿಗೆ ಹಾಜರು. ಕ್ಲಬ್ಬು ಅಂದರೆ ಏನೇನೋ ಕಲ್ಪಿಸಿಕೊಳ್ಳಬೇಡಿ. ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವಾಗ ಒಳಗೆ ತಿರುಗಿದರೆ ಕಲ್ಲು ತೆಗೆದು ಬಿಟ್ಟ ಒಂದು ಗುಡ್ಡ. ಅದರ ಬುಡದಲ್ಲಿ ಮುನ್ನೂರು ಮೀಟರಿನ ಪಟ್ಟೆ. ಒಂದು ಶೀಟಿನ ಶೆಡ್ಡು, ಒಂದು ಕೆಂಪು ಬಾವುಟ. ಬಾವುಟ ಏರಿಸಿದರೆ ಕುರಿಯವರೂ ಆ ಕಡೆ ತಲೆ ಹಾಕುವುದಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ತಿಳಿಯಲು ನಮಗೆ ಯಂತ್ರ ಬೇಕಿರಲಿಲ್ಲ. ಪಕ್ಕದ ಆಲೆಮನೆಯ ಹೊಗೆ ಸಾಕಾಗುತ್ತಿತ್ತು. ಬೆಲ್ಲದ ವಾಸನೆ ಜೋರಾಗಿ ಬಂದರೆ ಎಡಗಡೆ ಗಾಳಿ ಅಂತ ಲೆಕ್ಕ.

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಹತ್ತಿದ ಈ ಚಟ ಮದುವೆಯಾದರೂ ಬಿಡಲಿಲ್ಲ, ಮಗಳು ಹುಟ್ಟಿದರೂ ಬಿಡಲಿಲ್ಲ. ‘ನಿಮಗೇನು ಮೇಡಂ, ಯಾರನ್ನು ಹೊಡೀಬೇಕು?’ ಅಂತ ಸ್ಟಾಫ್ ರೂಮಿನಲ್ಲಿ ನಗಾಡುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. ಮಲಗಿ, ಉಸಿರು ಹಿಡಿದು, ದೂರದ ಕರೀ ಚುಕ್ಕೆಯೊಂದನ್ನೇ ನೋಡುವ ಆ ಒಂದು ಗಳಿಗೆಯಲ್ಲಿ ಮಾತ್ರ ನನಗೆ ಯಾರ ಮೇಲೂ ಸಿಟ್ಟಿರುವುದಿಲ್ಲ.

ಬಂದೂಕ ಕೆಟ್ಟಿದೆ ಅಂತ ಯಾರಾದರೂ ಬಂದರೆ ಕೆಂಚಣ್ಣ ಅರ್ಧ ಗಂಟೆ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಗೋಣಿತಾಟಿನ ಮೇಲೆ ಬಂದೂಕವನ್ನು ಮಲಗಿಸಿ, ಎದುರಿಗೆ ತಾವು ಚಕ್ಕಂಬಕ್ಕಳ ಹಾಕಿ ಕೂತು, ಅದರ ಯಜಮಾನನ ವಿಚಾರಣೆ ಶುರು. ಅವರದ್ದು ಒಂದೇ ಪ್ರಶ್ನೆ: “ಸರಿ ಇದ್ದ ದಿನಕ್ಕೂ ಇವತ್ಗೂ ಏನ್ ಬದ್ಲಾಯ್ತು?” ಏನೂ ಬದಲಾಗಿಲ್ಲ ಅಂದರೆ ಒಪ್ಪುತ್ತಿರಲಿಲ್ಲ. “ಏನೂ ಬದ್ಲಾಗ್ದೆ ಅದ್ಯಾಕೆ ಕೆಡ್ತದೆ? ಅದ್ಕೇನು ನಿನ್ ಕಂಡ್ರೆ ಹಗೆನಾ? ಇನ್ನೊಂದ್ ಕಿತ ಗ್ಯಾನ ಮಾಡು.”

ಕೆ.ಆರ್. ಪೇಟೆಯಿಂದ ಒಬ್ಬರು ಕಂಟ್ರಾಕ್ಟರು ಬಂದಿದ್ದರು. ವಿದೇಶದಿಂದ ತರಿಸಿದ ರೈಫಲ್ಲು, ನಮ್ಮ ಕ್ಲಬ್ಬಿನದನ್ನು ನೋಡಿದರೆ ಅಯ್ಯೋ ಅನ್ನಿಸುವಂಥದ್ದು. ಎರಡು ತಿಂಗಳಿಂದ ಗುಂಡೆಲ್ಲ ಕೆಳಕ್ಕೇ ಬೀಳುತ್ತಿದೆ, ಬೆಂಗಳೂರಿನಲ್ಲೂ ತೋರಿಸಿದೆ, ನಳಿಗೆಯನ್ನೇ ಬದಲಾಯಿಸಬೇಕಂತೆ ಅಂತ ಮುಖ ಸಣ್ಣಗೆ ಮಾಡಿಕೊಂಡರು. ಕೆಂಚಣ್ಣ ವಿಚಾರಣೆ ನಡೆಸಿದರು. ಗುಂಡು ಬದಲಾಯಿತಾ, ಇಲ್ಲ. ಎಣ್ಣೆ ಬದಲಾಯಿತಾ, ಇಲ್ಲ. ಯಾರಾದರೂ ಸ್ಕ್ರೂ ಮುಟ್ಟಿದರಾ, ಇಲ್ಲ. ಮನೆ ಕಡೆ ಎಲ್ಲ ಚೆನ್ನಾಗಿದ್ದಾರಾ, ಇದ್ದಾರೆ. ಕೊನೆಗೆ ಅವರ ಮುಖವನ್ನೇ ಒಂದು ನಿಮಿಷ ನೋಡಿ, “ಬುದ್ಧಿ, ಈ ಕನ್ನಡ್ಕ ಎಂದು ಮಾಡ್ಸುದ್ರಿ?” ಅಂದರು. ಎರಡು ತಿಂಗಳ ಹಿಂದೆ ಮಾಡಿಸಿದ್ದು. ದೂರಕ್ಕೂ ಹತ್ತಿರಕ್ಕೂ ಒಂದರಲ್ಲೇ ಕಾಣುವ ಗಾಜು. ಮಲಗಿ ತಲೆ ಬಾಗಿಸಿದರೆ ಕಣ್ಣು ಯಾವ ಭಾಗದಿಂದ ನೋಡುತ್ತಿದೆಯೋ ಅವರಿಗೇ ಗೊತ್ತಿಲ್ಲ. ಹಳೆಯ ಕನ್ನಡಕ ಹಾಕಿಸಿ ಹೊಡೆಸಿದರು. ಐದಕ್ಕೆ ಐದೂ ನಡುವಿಗೆ. ಕಂಟ್ರಾಕ್ಟರಿಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಬೆಲ್ಲದ ಒಂದು ಪೆಂಟೆ ಕಳಿಸುತ್ತೇನೆ ಅಂದರು. “ಕ್ಯಾತನಳ್ಳಿಗೆ ಬೆಲ್ಲ ಕಳುಸ್ತೀರಾ?” ಅಂತ ಕೆಂಚಣ್ಣ ನಕ್ಕರು.

ಈ ವಿಚಾರಣೆಯ ಚಾಳಿ ಬಂದೂಕಕ್ಕಷ್ಟೇ ಮೀಸಲಾಗಿರಲಿಲ್ಲ. ಅವರ ಹೆಂಡತಿ ಸಾಕಮ್ಮ ನನ್ನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದರು: “ಸಾರು ಒಂದ್ ಕಲ್ಲು ಉಪ್ಪಾದ್ರೆ ಇದೇಯ ಕಣವ್ವ. ಉಪ್ಪು ಬದ್ಲಾಯ್ತಾ, ಸೌಟು ಬದ್ಲಾಯ್ತಾ ಅಂತ ತಟ್ಟೆ ಮುಂದೆ ಪಂಚಾಯ್ತಿ. ಉಣ್ಣೋ ಬಾಯಿ ಬದ್ಲಾಯ್ತು ಅಂದೆ. ಅದೂ ಇರ್ಬೋದು ಅಂತ ಇನ್ನೊಂದ್ ಮುದ್ದೆ ಇಕ್ಕುಸ್ಕಂಡ್ರು.”

ಅವರಿಗೆ ಎರಡು ಕಟ್ಟಳೆಗಳಿದ್ದವು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಇದನ್ನು ನಾನು ಮಕ್ಕಳಿಗೆ ಪ್ರಯೋಗದ ಪಾಠದಲ್ಲಿ ಹೇಳುತ್ತಿದ್ದೆ, ಅವರು ಹೇಳಿದ ಹಾಗೆ ಹೇಳುವುದಕ್ಕೆ ನನಗೆ ಇವತ್ತಿಗೂ ಬರುವುದಿಲ್ಲ. ಎರಡನೆಯದು, ಮರದಲ್ಲಿ ಸರಿಯಾಗಿ ಕೂತ ಬಂದೂಕವನ್ನು ಮರದಿಂದ ಎಬ್ಬಿಸಬಾರದು. ಕೆಳಗಿನ ಎರಡು ಸ್ಕ್ರೂ ಅವರಿಗೆ ದೇವರ ಸಮಾನ. “ಊಟಕ್ಕೆ ಕುಂತೋನ ಏಳಿಸ್ಬಾರ್ದು. ಎದ್ರೆ ಮತ್ತೆ ಅಂಗೇ ಕುಂತ್ಕತಾನೆ ಅಂತ ಏನ್ ಗ್ಯಾರಂಟಿ?” ಅನ್ನುತ್ತಿದ್ದರು. ಆ ಎರಡು ಸ್ಕ್ರೂಗಳನ್ನು ಅವರು ಮುಟ್ಟಿದ್ದನ್ನು ನಾನು ಒಂದೇ ಒಂದು ಸಲ ಕಂಡೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಆ ವರ್ಷ ದಸರಾ ಮುಗಿದ ಮೇಲೆ ನನ್ನ ಗುಂಡುಗಳು ಚೆಲ್ಲಾಪಿಲ್ಲಿಯಾಗತೊಡಗಿದವು. ಅಲ್ಲಿಯವರೆಗೆ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬೀಳುತ್ತಿದ್ದ ಗುಂಡುಗಳು ಈಗ ಒಂದು ಮೇಲೆ, ಎರಡು ಬಲಕ್ಕೆ, ಇನ್ನೊಂದು ಎಲ್ಲೋ. ಸಂಕ್ರಾಂತಿ ಕಳೆದ ಮೇಲೆ ರಾಜ್ಯ ತಂಡದ ಆಯ್ಕೆ ಇತ್ತು. ಆದರೆ ನನ್ನನ್ನು ಹೆದರಿಸಿದ್ದು ಆಯ್ಕೆಯಲ್ಲ.

ನನ್ನ ಅಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗಿನ ಮನೆಯ ಮುಂದೆ ದಿನಾ ರಂಗೋಲಿ ಹಾಕುತ್ತಿದ್ದಳು. ಬೀದಿಯ ಹೆಂಗಸರು ನಿಂತು ನೋಡುವಂಥ ಗೆರೆ. ಅವಳಿಗೆ ನಲವತ್ತನಾಲ್ಕಾದಾಗ ಒಂದು ಬೆಳಿಗ್ಗೆ ಆ ಗೆರೆ ಅಲ್ಲಾಡಿತು. ಆಮೇಲೆ ಲೋಟ, ಆಮೇಲೆ ಚಮಚ, ಆಮೇಲೆ ತನ್ನ ಸೆರಗನ್ನೂ ತಾನು ಹಿಡಿಯಲಾಗದೆ ಹದಿಮೂರು ವರ್ಷ ಬದುಕಿದಳು. ಪಾರ್ಕಿನ್ಸನ್ ಅಂದರು ಡಾಕ್ಟರು. ಆ ದಸರಾಗೆ ನನಗೆ ನಲವತ್ತಮೂರು. ಟಾರ್ಗೆಟ್ ಕಾಗದದ ಮೇಲೆ ಚದುರಿ ಹೋದ ತೂತುಗಳನ್ನು ನೋಡಿದಾಗ ನನಗೆ ಅಮ್ಮನ ರಂಗೋಲಿ ಕಂಡಿತು. ಗಂಡನಿಗೆ ಹೇಳಲಿಲ್ಲ. ಡಾಕ್ಟರ ಹತ್ತಿರ ಹೋಗಲಿಲ್ಲ, ಹೋದರೆ ಹೌದು ಅಂದುಬಿಟ್ಟಾರು ಅಂತ. ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆಯುವಾಗ ಸೀಮೆಸುಣ್ಣವನ್ನು ಒತ್ತಿ ಒತ್ತಿ ಮುರಿಯುತ್ತಿದ್ದೆ.

ಕೆಂಚಣ್ಣನಿಗೆ ನಾನು ಹೇಳಿದ್ದು ಇಷ್ಟೇ: “ರೈಫಲ್ಲು ಯಾಕೋ ಸರಿಯಿಲ್ಲ.” ಅವರು ಗೋಣಿತಾಟು ಹಾಸಿದರು.

ಮೊದಲ ಭಾನುವಾರ ಗುಂಡು ಬದಲಾಯಿಸಿ ಹೊಡೆಸಿದರು. ಚೆಲ್ಲಾಪಿಲ್ಲಿ. ಎರಡನೆಯ ಭಾನುವಾರ ಗುರಿ ನೋಡುವ ಸೈಟಿನ ಸ್ಕ್ರೂಗಳನ್ನೆಲ್ಲ ಬಿಗಿ ನೋಡಿದರು. ಅಷ್ಟೇ. ಇನ್ನೊಂದು ವಾರ ಸಾಕಮ್ಮ ದೀಪದ ಬತ್ತಿಗೆ ಇಟ್ಟಿದ್ದ ಹತ್ತಿಯನ್ನು ತಂದು ನಳಿಗೆಯ ಬಾಯಿಯ ಸುತ್ತ ಮೆಲ್ಲಗೆ ಸವರಿದರು. ಬಾಯಿಯ ಅಂಚಿನಲ್ಲಿ ಸೂಜಿಮೊನೆಯಷ್ಟು ತರಚಿದ್ದರೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಒಂದೆಳೆಯೂ ಸಿಕ್ಕಲಿಲ್ಲ. ಬಸ್ ಟಿಕೆಟ್ಟು ತುದಿಯಿಂದ ಬುಡದವರೆಗೆ ಸರಾಗವಾಗಿ ಓಡಿತು. ಆಮೇಲೆ ಬೆಂಚಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ರೈಫಲ್ಲನ್ನು ಕೂರಿಸಿ, ಮನುಷ್ಯನ ಪಾತ್ರವೇ ಇಲ್ಲದ ಹಾಗೆ ಮಾಡಿ ಹತ್ತು ಗುಂಡು ಹೊಡೆದರು. ಹತ್ತೂ ಒಂದೇ ಜಾಗಕ್ಕೆ ಬಿದ್ದವು. ರೈಫಲ್ಲು ಸರಿಯಿದೆ ಅಂದರೆ ಕೆಟ್ಟದ್ದು ನನ್ನ ಕೈಯೇ ಆಗಿರಬೇಕು.

ಇಷ್ಟು ಸಾಲದು ಅಂತ ನಮ್ಮ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಪಾಂಡವಪುರದ ವಕೀಲರು, ನಾನೂ ಒಂದು ಕೈ ನೋಡುತ್ತೇನೆ ಅಂತ ಅದೇ ರೈಫಲ್ಲು ಹಿಡಿದು ಮಲಗಿದರು. ಅವರು ಮಲಗುವುದೇ ಒಂದು ಸಮಾರಂಭ. ಮೊದಲು ಹೊಟ್ಟೆ ಇಳಿಯಬೇಕು, ಆಮೇಲೆ ಅವರು. ಅವರ ಹತ್ತು ಗುಂಡೂ ತಕ್ಕಮಟ್ಟಿಗೆ ಒಟ್ಟಿಗೆ ಬಿದ್ದವು. ಎದ್ದು ಮೈ ಕೊಡವಿಕೊಂಡು, ಬಹಳ ಮರ್ಯಾದೆಯಿಂದ, “ಮೇಡಂ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ಯೋಗ ಗೀಗ ಮಾಡಿ. ಈ ಸಲದ ಆಯ್ಕೆಗೆ ಬೇರೆಯವರ ಹೆಸರು ಕಳಿಸೋಣ” ಅಂದರು. ಅವರ ಮಾತಿಗೆ ಬೈದು ಉತ್ತರ ಕೊಡುವಷ್ಟು ಕೋಪ ನನ್ನಲ್ಲಿ ಯಾವಾಗಲೂ ಸ್ಟಾಕ್ ಇರುತ್ತದೆ. ಅವತ್ತು ಬರಲಿಲ್ಲ. ನನ್ನ ಬಳಿ ಇರುತ್ತಿದ್ದ ಶೆಡ್ಡಿನ ಬೀಗದ ಕೈ ಅವರ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಮುಂದಿನ ಎರಡು ಭಾನುವಾರ ಹೋಗಲಿಲ್ಲ.

ಮೂರನೆಯ ವಾರ, ಬುಧವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಕೆಂಚಣ್ಣ ನಿಂತಿದ್ದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಟವೆಲ್ಲು ಕೈಯಲ್ಲಿ ಹಿಡಿದು, ಹೆಡ್‌ಮಾಸ್ತರಿಗೆ ಒಂದು ಸೆಲ್ಯೂಟು ಹೊಡೆದು ಒಳಗೆ ಬಂದರು.

“ಯಾಕವ್ವ ಬರ್ನಿಲ್ಲ?”

“ಬಂದು ಏನ್ ಮಾಡ್ಲಿ ಕೆಂಚಣ್ಣ? ರೈಫಲ್ಲಿಗೆ ಏನೂ ಆಗಿಲ್ಲ, ನೀವೇ ನೋಡಿದ್ರಲ್ಲ.”

“ನೋಡ್ದೆ. ಅದ್ಕೇಯ ಬಂದೆ. ಏನ್ ಬದ್ಲಾಯ್ತು ಅಂತ ಇನ್ನೂ ಗೊತ್ತಾಗ್ನಿಲ್ವಲ್ಲ.”

“ನಾನೇ ಬದಲಾದೆ, ಬರ್ಕೊಳ್ಳಿ” ಅಂದೆ, ಜೋರಾಗಿಯೇ. ಹಿಂದಿ ಮೇಡಂ ಊಟದ ಡಬ್ಬಿಯಿಂದ ತಲೆ ಎತ್ತಿದರು.

ಕೆಂಚಣ್ಣನಿಗೆ ಬೇಸರವಾಗಲಿಲ್ಲ. “ಪರೀಕ್ಸೆ ಆಗ್ದೆ ಎಂಗವ್ವ ಬರ್ಕಳದು? ಸೈನ್ಸು ಯೋಳ್ಕೊಡೋಳು ನೀನು. ಬೆಂಚಿನ ಮ್ಯಾಲೆ ಸರಿ, ಲಾಯರ್ ಕೈಲಿ ಸರಿ, ನಿನ್ ಕೈಲಿ ಮಾತ್ರ ಸರಿ ಇಲ್ಲ. ಅಂಗಾರೆ ನೀನು ಮಾಡದು, ಅವೆರಡ್ರಲ್ಲೂ ಇಲ್ದೇ ಇರದು ಏನೋ ಒಂದದೆ. ಅದು ನಿನ್ ಕೈನೇ ಅಂತ ಯಾವ ಮುಂಡೇಮಗ ಅಂದ? ಬಾನುವಾರ ಬಾ. ಗುಂಡು ಒಡ್ಯದ್ ಬ್ಯಾಡ. ಸುಮ್ಕೆ ಮನಿಕ.” ಬರುತ್ತೇನೆ ಅನ್ನುವವರೆಗೂ ಕದಲಲಿಲ್ಲ. ಹೋಗುವಾಗ ಸ್ಟಾಫ್ ರೂಮಿನ ಕಸದ ಬುಟ್ಟಿಯಿಂದ ಎರಡು ಟಿಕೆಟ್ಟು ಹೆಕ್ಕಿಕೊಂಡು ಹೋದರು.

ಆ ಭಾನುವಾರ ನಾನು ಮಲಗಿದೆ. ಕೆಂಚಣ್ಣ ರೈಫಲ್ಲಿನೊಳಕ್ಕೆ ಗುಂಡು ತಳ್ಳುವ ಬೋಲ್ಟನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಬೋಲ್ಟಿಲ್ಲದ ರೈಫಲ್ಲು ಬರೀ ಕೊಳವೆ. “ದಿನಾ ಎಂಗೆ ಮನಿಕತೀಯೋ ಅಂಗೇಯ. ಒಂದ್ಚೂರೂ ಎಚ್ಚುಕಮ್ಮಿ ಮಾಡ್ಬ್ಯಾಡ.” ಎಡತೋಳಿಗೆ ಪಟ್ಟಿ ಏರಿಸಿದೆ. ಮಲಗಿ ಹೊಡೆಯುವವರು ರೈಫಲ್ಲಿನ ಮುಂಭಾಗದಿಂದ ತೋಳಿಗೆ ಒಂದು ಚರ್ಮದ ಪಟ್ಟಿ ಬಿಗಿದುಕೊಳ್ಳುತ್ತಾರೆ, ಭಾರವೆಲ್ಲ ಅದರ ಮೇಲೆ ನಿಲ್ಲಲಿ ಅಂತ. ನಾನು ಕಲಿತದ್ದು ಬಹಳ ಬಿಗಿಯಾಗಿ ಕಟ್ಟುವುದು, ಬಿಚ್ಚಿದ ಮೇಲೆ ಅರ್ಧ ಗಂಟೆ ತೋಳಿನಲ್ಲಿ ಬಾಸುಂಡೆ ಉಳಿಯುವಷ್ಟು.

ಕೆಂಚಣ್ಣ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಪಟ್ಟಿಯ ಕೆಳಗೆ ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ. ನನ್ನನ್ನು ಎಬ್ಬಿಸಿ, ವಕೀಲರನ್ನು ಮಲಗಿಸಿದರು. ಅವರ ಪಟ್ಟಿಯ ಕೆಳಗೆ ಕೆಂಚಣ್ಣನ ಇಡೀ ಮುಷ್ಟಿ ಹೋಗಿ ಇನ್ನೂ ಜಾಗ ಉಳಿಯಿತು.

“ಇದೇನ್ ಸ್ವಾಮಿ, ತೊಟ್ಲು ಕಟ್ದಂಗ್ ಕಟ್ಟಿದ್ದೀರಿ?”

“ಬಿಗಿ ಮಾಡಿದ್ರೆ ಉಸಿರು ಕಟ್ಟುತ್ತೆ ಕಣಯ್ಯ” ಅಂದರು ವಕೀಲರು, ಮಲಗಿದ್ದಲ್ಲಿಂದಲೇ.

ಕೆಂಚಣ್ಣ ಎದ್ದು ನಿಂತರು. ಒಂದೊಂದೇ ಬೆರಳು ಮಡಿಸಿ ಲೆಕ್ಕ ಹಾಕಿದರು. ಬೆಂಚಿನ ಮೇಲೆ ಪಟ್ಟಿಯೇ ಇಲ್ಲ. ವಕೀಲರದು ಇದ್ದೂ ಇಲ್ಲ. ನನ್ನದೊಂದೇ, ಮುಂದಿನ ಮರವನ್ನು ಜಗ್ಗಿ ಹಿಡಿಯುವ ಪಟ್ಟಿ. ಅವರು ನನ್ನ ಕಡೆ ಕೈ ಚಾಚಿದರು. “ಇವತ್ತಿಂದು ಟಿಕೀಟು ಕೊಡು. ಒಸಾದು.” ಕೊಟ್ಟೆ. ನನ್ನನ್ನು ಮತ್ತೆ ಮಲಗಿಸಿ, ಪಟ್ಟಿ ಬಿಗಿಸಿ, ಆ ಸೊನ್ನೆ ರೂಪಾಯಿ ಟಿಕೆಟ್ಟನ್ನು ನಳಿಗೆಯ ಕೆಳಗೆ ತೂರಿಸಿ ತುದಿಯಿಂದ ಎಳೆಯತೊಡಗಿದರು. ಒಂದು ಗೇಣು ಬಂತು, ಇನ್ನೊಂದು ಗೇಣು ಬಂತು, ನಿಂತಿತು. “ಪಟ್ಟಿ ಸಡ್ಲ ಬುಡು.” ಬಿಟ್ಟೆ. ಟಿಕೆಟ್ಟು ಸರ್ರನೆ ಹೋಯಿತು. “ಬಿಗಿ ಮಾಡು.” ಮಾಡಿದೆ. ನಿಂತಿತು. ಏಳು ಸಲ ಹೀಗೆ ಮಾಡಿಸಿದರು.

ಆಮೇಲೆ ರೈಫಲ್ಲನ್ನು ಗೋಣಿತಾಟಿನ ಮೇಲೆ ಮಗುಚಿದರು. ಕೈ ಒರೆಸಿಕೊಂಡರು. ಸ್ಕ್ರೂಡ್ರೈವರನ್ನು ಕಣ್ಣಿಗೊತ್ತಿಕೊಂಡರು. ಮುಟ್ಟಬಾರದ ಆ ಎರಡು ಸ್ಕ್ರೂಗಳನ್ನು ಬಿಚ್ಚಿದರು.

ಮರದಲ್ಲಿ ನಳಿಗೆ ಕೂರುವ ತೋಡಿನ ನಡುಭಾಗದಲ್ಲಿ, ಕುಂಕುಮದ ಹಸಿ ಒಣಗಿ ಅಂಟಾದ ಕಡೆ, ಒಂದು ಅಕ್ಕಿಕಾಳು ಕೂತಿತ್ತು. ಅರಿಶಿನ ಹಚ್ಚಿದ ಅಕ್ಕಿ. ಅಕ್ಷತೆ.

ನಾವು ಮೂವರೂ ಅದನ್ನೇ ನೋಡಿದೆವು. ಸುಮ್ಮನಿದ್ದಾಗ ನಳಿಗೆಗೆ ಕೂದಲೆಳೆಯಷ್ಟು ದೂರದಲ್ಲಿರುತ್ತಿತ್ತು. ನಾನು ಪಟ್ಟಿ ಬಿಗಿದು ಮರವನ್ನು ಜಗ್ಗಿದಾಗ ಹೋಗಿ ನಳಿಗೆಗೆ ತಾಗುತ್ತಿತ್ತು, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ವಕೀಲರು ಕನ್ನಡಕ ಏರಿಸಿಕೊಂಡು ಸಾಕ್ಷಿಯನ್ನು ಪ್ರಶ್ನಿಸುವ ದನಿಯಲ್ಲಿ, “ಆಯುಧಪೂಜೆ ದಿವಸ ಅಕ್ಷತೆ ಹಾಕಿದ್ದು ಯಾರು?” ಅಂದರು.

ಯಾರು ಹಾಕಿದ್ದು ಅಂತ ಮೂವರಿಗೂ ಗೊತ್ತಿತ್ತು. ಕ್ಲಬ್ಬಿನ ಆಯುಧಪೂಜೆಗೆ ಬಂದ ಪೂಜಾರಿಗೆ ಬಂದೂಕ ಕಂಡರೆ ಭಯ; ಆತ ಬಾಗಿಲಲ್ಲೇ ನಿಂತು ಮಂತ್ರ ಹೇಳಿ ತಟ್ಟೆಯನ್ನು ಕೆಂಚಣ್ಣನ ಕೈಗೆ ಕೊಟ್ಟಿದ್ದ. ಕೆಂಚಣ್ಣ ರೈಫಲ್ಲಿಗೆ ಅಡ್ಡಡ್ಡ ವಿಭೂತಿ ಎಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು, ‘ಈ ಸಲ ಮೇಷ್ಟ್ರಮ್ಮ ಗೆಲ್ಬೇಕು ಕಣಪ್ಪ’ ಅಂತ ಎರಡು ಕೈಯಲ್ಲೂ ಬೊಗಸೆ ತುಂಬ ಅಕ್ಷತೆ ಎರಚಿದ್ದರು. ಮಾರನೆಯ ದಿನ ಹೊರಗೆಲ್ಲ ಒರೆಸಿದ್ದರು. ಮರದಿಂದ ಎಬ್ಬಿಸಿ ಒಳಗೆ ಒರೆಸಿರಲಿಲ್ಲ, ಯಾಕೆಂದರೆ ಕೂತ ಬಂದೂಕವನ್ನು ಎಬ್ಬಿಸಬಾರದು.

ಕೆಂಚಣ್ಣ ನೆಲದ ಮೇಲೆ ಕೂತುಬಿಟ್ಟರು. ಮೊದಲು ಭುಜ ಕುಣಿಯಿತು, ಆಮೇಲೆ ನಗು ಹೊರಗೆ ಬಂತು. ವಕೀಲರು ನಕ್ಕರು, ನಾನೂ ನಕ್ಕೆ, ನಗುತ್ತ ನಗುತ್ತ ನನಗೆ ಅಳು ಬಂದುಬಿಟ್ಟಿತು. ನೀರು ಕುಡಿಯುವ ನೆಪದಲ್ಲಿ ಶೆಡ್ಡಿನ ಹಿಂದಕ್ಕೆ ಹೋದೆ. ವಾಪಸು ಬಂದಾಗ ಕೆಂಚಣ್ಣ ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. “ಎರ್ಡ್ ತಿಂಗ್ಳಿಂದ ಊರೋರ್ನೆಲ್ಲ ಏನ್ ಬದ್ಲಾಯ್ತು ಏನ್ ಬದ್ಲಾಯ್ತು ಅಂತ ಕೇಳ್ದೆ. ನನ್ನ ಒಬ್ನ ಕೇಳ್ಕಳ್ನಿಲ್ಲ. ತಪ್ಪಾಯ್ತು ಕಣವ್ವ” ಅಂದರು. ಅವರ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ. ನನಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು. ಕಾಲಿಗೆ ಬೀಳಬೇಕು ಅನ್ನಿಸಿತು.

ಅವತ್ತೇ ಮಧ್ಯಾಹ್ನ ಹತ್ತು ಗುಂಡು ಹೊಡೆದೆ. ಹತ್ತೂ ಅಂಗೈ ಅಗಲದಲ್ಲಿ ಬಿದ್ದವು. ಟಾರ್ಗೆಟ್ ಕಾಗದವನ್ನು ಮಡಿಸಿ ಮನೆಗೆ ತಂದು ಗಂಡನ ಮುಂದಿಟ್ಟು, ಎರಡು ತಿಂಗಳಿಂದ ಹೇಳದೆ ಇದ್ದದ್ದನ್ನೆಲ್ಲ ಹೇಳಿದೆ. ಮಾರನೆಯ ವಾರ ಅವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕೈಗೆ ಏನೂ ಆಗಿಲ್ಲ ಅಂದರು ಡಾಕ್ಟರು. ರಾಜ್ಯ ತಂಡದ ಪಟ್ಟಿಯಲ್ಲಿ ಕೊನೆಯ ಹೆಸರು ನನ್ನದು. ವಕೀಲರು ಕ್ಲಬ್ಬಿಗೆಲ್ಲ ಮೈಸೂರು ಪಾಕು ಹಂಚಿ, ಯೋಗದ ವಿಷಯ ಮತ್ತೆ ಎತ್ತಲಿಲ್ಲ. ಮುಂದಿನ ಆಯುಧಪೂಜೆಯಲ್ಲಿ ಕೆಂಚಣ್ಣ ರೈಫಲ್ಲಿನ ಮೇಲೆ ಒಂದು ಸೇವಂತಿಗೆ ಹೂವಿಟ್ಟು ಕೈಮುಗಿದರು. ತಟ್ಟೆಯಲ್ಲಿದ್ದ ಅಕ್ಷತೆಯನ್ನೆಲ್ಲ ನಮ್ಮ ತಲೆಗೇ ಹಾಕಿದರು.

ಹೋದ ವರ್ಷ ಬೇಸಿಗೆಯಲ್ಲಿ ಕೆಂಚಣ್ಣ ತೀರಿಕೊಂಡರು. ಬೆಳಿಗ್ಗೆ ಕಬ್ಬಿಗೆ ನೀರು ಕಟ್ಟಿ ಬಂದು, ಕಾಫಿ ಕುಡಿದು, ಜಗುಲಿಯ ಮೇಲೆ ಒರಗಿದವರು ಏಳಲಿಲ್ಲ. ಕ್ಲಬ್ಬಿನಿಂದ ನಾವೆಲ್ಲ ಹೋಗಿದ್ದೆವು. ಸಾಕಮ್ಮ ನನ್ನನ್ನು ತಬ್ಬಿಕೊಂಡು, “ಏನೂ ಆಗಿರ್ನಿಲ್ಲ ಕಣವ್ವ, ಏನೂ ಬದ್ಲಾಗಿರ್ನಿಲ್ಲ” ಅಂತ ಅತ್ತರು. ಈಗ ಭಾನುವಾರ ರೇಂಜಿಗೆ ಹೋದರೆ ವಿಚಾರಣೆ ಮಾಡುವವರಿಲ್ಲ. ಬಂದೂಕಗಳು ಕೆಟ್ಟರೆ ಬೆಂಗಳೂರಿಗೆ ಹೋಗುತ್ತವೆ.

ತೀರಿಕೊಳ್ಳುವುದಕ್ಕೆ ಮೂರು ವಾರ ಮುಂಚೆ ನಾನು ಅವರನ್ನು ನೋಡಿದ್ದೇ ಕೊನೆ. ಬಲಗಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದಾರೆ ಅಂತ ಕೇಳಿ ಕ್ಯಾತನಹಳ್ಳಿಗೆ ಹೋದೆ. ಹಸಿರು ಬಟ್ಟೆಯೊಂದನ್ನು ಕಣ್ಣಿಗೆ ಇಳಿಬಿಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಕಣ್ಣಿಗೆ ಎರಡು ತರದ ಔಷಧಿಯ ತೊಟ್ಟು ಹಾಕಬೇಕು. ಒಂದು ಹಾಕಿ, ಐದು ನಿಮಿಷ ಬಿಟ್ಟು ಇನ್ನೊಂದು. ಸಾಕಮ್ಮ ಹಾಕಿದರೆ ಕೆನ್ನೆಗೆ ಬೀಳುತ್ತದಂತೆ, ಮಗ ಹಾಕಿದರೆ ಮೂಗಿಗೆ. “ಮೇಷ್ಟ್ರಮ್ಮ ಆಕ್ಲಿ ಬುಡು” ಅಂದರು ಕೆಂಚಣ್ಣ, ಮಲಗುತ್ತ. ಸೀಸೆ ನನ್ನ ಕೈಗೆ ಬಂತು. ಅಷ್ಟು ಹತ್ತಿರದಿಂದ, ಹೊಸದಾಗಿ ಆಪರೇಷನ್ ಆದ ಕಣ್ಣಿಗೆ. ನನಗೆ ಒಂದು ಕ್ಷಣ ಧೈರ್ಯ ಸಾಲಲಿಲ್ಲ. ಅವರು ಮಾತ್ರ ಕಣ್ಣನ್ನು ಅಗಲ ಬಿಟ್ಟು, ರೆಪ್ಪೆ ಮಿಟುಕಿಸದೆ ಸೂರು ನೋಡುತ್ತಿದ್ದರು. ಮೊದಲ ತೊಟ್ಟು ಸರಿಯಾಗಿ ಬಿತ್ತು.

ಐದು ನಿಮಿಷ ಕಾಯಬೇಕಾಗಿತ್ತು. ಕಣ್ಣು ಮುಚ್ಚಿಕೊಂಡೇ ಮಾತಾಡಿದರು. “ಆ ವರ್ಸ ನೀನು ನಿಮ್ಮವ್ವನ್ ಕಾಯ್ಲೆ ಬಂದ್ಬುಡ್ತು ಅಂದ್ಕಂಡಿದ್ದೆ, ಅಲ್ವಾ?”

ಅಮ್ಮನ ವಿಷಯ ಸಾಕಮ್ಮನಿಗೆ ಎಂದೋ ಹೇಳಿದ್ದೆ. ಆ ಭಯವನ್ನು ಇವರಿಬ್ಬರಿಗೂ ಹೇಳಿರಲಿಲ್ಲ.

“ಇಲ್ಲಿಗ್ ಬಂದಾಗ ಕಾಪಿ ಲೋಟವ ಎರ್ಡ್ ಕೈಲೂ ಇಡ್ಕಳಕ್ ಸುರು ಮಾಡ್ದೆ. ಕೈ ಬೆಳ್ಳು ಬೆಳ್ಳೂ ನೋಡ್ಕತಿದ್ದೆ. ಇವ್ಳು ನೋಡಿ ನಂಗ್ ಯೋಳುದ್ಲು. ರೈಪಲ್ಲು ಸರಿಯಿಲ್ಲ ಅಂತ ನೀನು ಬಂದಾಗ್ಲೇ ನಂಗೊತ್ತಿತ್ತು, ನೀನು ಕೇಳ್ತಾ ಇರದು ರೈಪಲ್ ಇಸ್ಯ ಅಲ್ಲ ಅಂತ. ಬೆಂಚಿನ ಮ್ಯಾಲೆ ಅದು ಸರಿಯಾಗ್ ಒಡೀತಲ್ಲ, ಅವತ್ತು ನಂಗೆ ರಾಗಿಮುದ್ದೆ ಗಂಟ್ಲಾಗ್ ಇಳೀನಿಲ್ಲ ಕಣವ್ವ. ಲಾಯ್ರು ಬುಟ್ಬುಡು ಅಂತಾರೆ. ಎಂಗ್ ಬುಡದು? ರೈಪಲ್ಲು ಎಕ್ಕುಟ್ಟೋಗ್ಲಿ, ಇನ್ನೊಂದ್ ಬತ್ತದೆ. ನಿನ್ ಕೈ ಮ್ಯಾಲೆ ನಿಂಗೇ ಅನ್ಮಾನ ಬಂದ್ರೆ, ಎಂಗವ್ವ ಬಾಳಾಟ ಮಾಡೀಯೆ?”

ಐದು ನಿಮಿಷ ಆಗಿತ್ತು. ಸಾಕಮ್ಮ ಎರಡನೆಯ ಸೀಸೆಯ ಮುಚ್ಚಳ ತೆಗೆದು ಕೊಟ್ಟರು. “ಊಂ, ಆಕು” ಅಂದು ಕೆಂಚಣ್ಣ ಕಣ್ಣು ತೆರೆದರು. ನನ್ನ ಕಣ್ಣು ತುಂಬಿ ಅವರ ಮುಖ ಕಲಸಿಹೋಗಿತ್ತು. ಕೈ ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.